ಸಹಾಯ ಬೇಕು: ತುರ್ತಿಗೆ ಎತ್ತಿಡುವ ಅಕ್ಕಿಯನ್ನು ಮೊದಲು ಫ್ರೀಜರ್‌ನಲ್ಲಿ ಇಡಬೇಕಾ?

ಎಲ್ಲರಿಗೂ ನಮಸ್ಕಾರ. ಕರೆಂಟ್ ಹೋಗಿ, ರಸ್ತೆ ಬಂದ್ ಆಗಿ, ಹೊರಗೆ ಕಾಲಿಡಲು ಆಗದ ಹಾಗಾದರೆ ಇರಲಿ ಅಂತ ಮನೆಯಲ್ಲಿ ಎರಡು ವಾರಕ್ಕೆ ಆಗುವಷ್ಟು ಸಾಮಾನು ಎತ್ತಿಡುತ್ತಿದ್ದೇವೆ. ನೀರಿನ ಲೆಕ್ಕ ಸುಲಭ, ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್. ಔಷಧಿ, ಟಾರ್ಚ್, ಬ್ಯಾಟರಿ ಎಲ್ಲ ಆಯ್ತು. ಅಕ್ಕಿಯದ್ದೇ ತಲೆನೋವು.

ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿಟ್ಟರೂ ಕೆಲವು ತಿಂಗಳಲ್ಲಿ ಹುಳ ಬರುತ್ತಿದೆ. ಮೂತಿಹುಳ ಕಾಳಿನ ಒಳಗೇ ಮೊಟ್ಟೆ ಇಡುತ್ತದಲ್ವಾ, ಹಾಗಾಗಿ ಡಬ್ಬ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಬಿಸಿಲಿಗೆ ಹರಡಿ ನೋಡಿದೆ, ಓಡಾಡುವ ಹುಳ ಹೋದವು, ಆಮೇಲೆ ಮತ್ತೆ ಬಂದವು.

ಈಗ ಆಕ್ಸಿಜನ್ ಹೀರುವ ಪೊಟ್ಟಣ ತಂದಿದ್ದೇನೆ, ಸೀಲ್ ಮಾಡಿದ ಡಬ್ಬದೊಳಗಿನ ಆಕ್ಸಿಜನ್ ಹೀರಿ ಹುಳ ಬದುಕದ ಹಾಗೆ ಮಾಡುತ್ತದೆ. ಅದನ್ನು ಚೆನ್ನಾಗಿ ಒಣಗಿದ ಪದಾರ್ಥಕ್ಕೆ ಮಾತ್ರ ಹಾಕಬೇಕು, ತೇವ ಇದ್ದರೆ ಗಾಳಿಯಿಲ್ಲದ ಕಡೆ ಬೊಟುಲಿಸಂ ವಿಷ (ಬ್ಯಾಕ್ಟೀರಿಯಾ ಉಂಟುಮಾಡುವ, ಜೀವಕ್ಕೇ ಅಪಾಯವಾದ ವಿಷ) ಹುಟ್ಟುವ ಅಪಾಯ ಇದೆ ಅಂತ ಗೊತ್ತು. ಗೊಂದಲ ಇರುವುದು ಇಲ್ಲೇ. ಮೊದಲು ಕೆಲವು ದಿನ ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ ಇಟ್ಟು ಮೊಟ್ಟೆ ಸಾಯಿಸು ಅಂತ ಕೆಲವರು ಹೇಳುತ್ತಾರೆ. ಆದರೆ ತಣ್ಣಗಿನ ಅಕ್ಕಿಯನ್ನು ಹೊರಗೆ ತೆಗೆದಾಗ ನೀರಿನ ಪಸೆ ಕೂರುತ್ತದೆ, ಅದರ ಮೇಲೆ ಪೊಟ್ಟಣ ಹಾಕಿ ಸೀಲ್ ಮಾಡಲು ನನಗೆ ಭಯ. ಮನೆಯಲ್ಲಿ ಮಕ್ಕಳಿದ್ದಾರೆ.

ಪೊಟ್ಟಣ ಒಂದೇ ಸಾಕಾ, ಫ್ರೀಜರ್ ಬಿಟ್ಟುಬಿಡಬಹುದಾ? ಎರಡೂ ಬೇಕು ಅಂದರೆ, ಫ್ರೀಜರ್‌ನಿಂದ ತೆಗೆದ ಮೇಲೆ ಎಷ್ಟು ಹೊತ್ತು ಬಿಟ್ಟು ಸೀಲ್ ಮಾಡುತ್ತೀರಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.