ಹರಳು, ಹಳ್ಳು: ಉಂಗುರಕ್ಕೆ ಕೂಡುವ ಕಲ್ಲಿಗೆ ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಧಾರವಾಡದ ಸುತ್ತ ಹೊಲದ ಬದು, ಹಳ್ಳದ ದಂಡೆಗಳಲ್ಲಿ ಚಂದದ ಕಲ್ಲು ಆರಿಸುವುದು ನನ್ನ ಬಹುದಿನದ ಹುಚ್ಚು. (ಕಪ್ಪತಗುಡ್ಡದಲ್ಲಿ ಮಾತ್ರ ಒಂದು ಚೂರನ್ನೂ ಎತ್ತುವುದಿಲ್ಲ, 2019ರಿಂದ ಅದು ವನ್ಯಜೀವಿಧಾಮ.) ಸಿಕ್ಕಿದ್ದನ್ನು ಕನ್ನಡದಲ್ಲೇ ಬರೆದಿಡುತ್ತೇನೆ. ಅಲ್ಲಿ ‘ಹರಳು’ ತೊಡಕಾಗಿದೆ.

ಮೈಸೂರಿನ ಗೆಳೆಯರಿಗೆ ‘ಹರಳು ಆರಿಸಲು ಹೋಗಿದ್ದೆ’ ಎಂದು ಬರೆದರೆ, ‘ಈ ಸಲ ಬೆಳೆ ಹೇಗಿದೆ?’ ಎಂದು ಕೇಳಿದರು. ನಮ್ಮ ಔಡಲ ಅವರಿಗೆ ಹರಳು. ಇತ್ತ ಅವ್ವ ಮೊರ ಹಿಡಿದು ಕೂತರೆ ‘ಅಕ್ಕಿಯಾಗ ಬರೇ ಹಳ್ಳ ಅದಾವ’ ಅಂತಾಳೆ. ಬೆರಳು ಬಳ್ಳಾದಂತೆ, ಕೊರಳು ಕೊಳ್ಳಾದಂತೆ ಹರಳು ಹಳ್ಳಾಗಿದೆ. ಹಳಗನ್ನಡದ ‘ಪರಲ್’ಗೂ ಸಣ್ಣ ಕಲ್ಲು, ರತ್ನ ಎರಡೂ ಅರ್ಥ. ಅನ್ನದಿಂದ ತೆಗೆದೆಸೆಯುವುದಕ್ಕೂ ಪತ್ತಾರರು ಬಂಗಾರದಲ್ಲಿ ಕೂಡಿಸುವುದಕ್ಕೂ ಒಂದೇ ಪದ!

ಇದರ ಮೇಲೆ ವಿಜ್ಞಾನದ ಪಠ್ಯಗಳು ‘ಹರಳುಗಟ್ಟುವುದು’ ಎಂದು ‘ಕ್ರಿಸ್ಟಲ್’ ಎಂಬ ಇನ್ನೊಂದು ಅರ್ಥ ಹೊರಿಸಿವೆ. ನನಗೆ ಬೇಕಾಗಿರುವುದು ಈ ಎರಡನ್ನು ಬಿಡಿಸುವ ಪದ: ತಾನಾಗಿಯೇ ಮುಖ, ಅಂಚು ಮೂಡಿಸಿಕೊಂಡು ಬೆಳೆದದ್ದು ಒಂದು, ಆಭರಣಕ್ಕೆ ಯೋಗ್ಯವಾದದ್ದು ಇನ್ನೊಂದು. ಪುಣೆ, ಜಳಗಾಂವ ಕಡೆಯ ಬಸಾಲ್ಟ್ ಬಂಡೆಗಳ ಪೊಟರೆಯಲ್ಲಿ ಸಿಗುವ ಅಪೋಫಿಲೈಟ್ ಎಂಬ ಖನಿಜ ನೋಡಿ. ನೀರಿನಷ್ಟು ತಿಳಿ, ಮುಖಗಳು ಕನ್ನಡಿಯಂತೆ. ಆದರೆ ಮೋಸ್ ಮಾಪಕದಲ್ಲಿ ಅದರ ಗಡಸುತನ ಐದನ್ನು ದಾಟದು. ಬೆಣಚುಕಲ್ಲಿನದು 7. ನಮ್ಮ ಬೀದಿಯ ಧೂಳಿನಲ್ಲಿ ಬೆಣಚಿನ ಕಣಗಳೇ ತುಂಬಿರುವುದರಿಂದ ಏಳಕ್ಕಿಂತ ಮೆದುವಾದ ಕಲ್ಲನ್ನು ಉಂಗುರಕ್ಕಿಟ್ಟರೆ ಒರೆಸಿ ಒರೆಸಿಯೇ ಗೀರು ಬಿದ್ದು ಮಂಕಾಗುತ್ತದೆ. ಅಗೇಟ್ ಇದಕ್ಕೆ ತಿರುಗುಮುರುಗು: ಅದರ ಹರಳುಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣ, ಮೇಲ್ನೋಟಕ್ಕೆ ಗಡ್ಡೆಯಂಥ ಕಲ್ಲು, ಕೊಯ್ದು ತಿಕ್ಕಿದರೆ ಪಟ್ಟೆಪಟ್ಟೆಯಾಗಿ ಹೊಳೆಯುತ್ತದೆ, ಬಾಳಿಕೆಯೂ ಬರುತ್ತದೆ. ಓಪಲ್‌ಗಂತೂ ಹರಳಿನ ರಚನೆಯೇ ಇಲ್ಲ, ಆದರೂ ಅದು ಆಭರಣದ ಕಲ್ಲು.

‘ಸ್ಫಟಿಕ’ ಎನ್ನಬಹುದಲ್ಲ ಎಂದು ಕೆಲವರು ಹೇಳಿದರು. ಅದು ನನಗೆ ಒಪ್ಪಿಗೆಯಿಲ್ಲ. ಸ್ಫಟಿಕ ಎಂದರೆ ನಮ್ಮ ಹಿರಿಯರಿಗೆ ತಿಳಿಯಾದ ಬೆಣಚು, ಜಪಮಾಲೆಯ ಕಲ್ಲು. ಅದನ್ನೇ ಉಪ್ಪಿಗೂ ಸಕ್ಕರೆಗೂ ಹಚ್ಚಿದರೆ ಇದ್ದ ಒಂದು ಖಚಿತ ಪದವೂ ಕೈಬಿಟ್ಟುಹೋಗುತ್ತದೆ. ‘ರತ್ನ’ ಎಂದೊಡನೆ ಮನಸ್ಸು ನವರತ್ನಕ್ಕೆ ಹೋಗುತ್ತದೆ, ಅಗೇಟ್ ಅದರಲ್ಲಿಲ್ಲ. ‘ಮಣಿ’ ಎಂದರೆ ಪೋಣಿಸಿದ್ದು. ಸದ್ಯಕ್ಕೆ ಮುಖ ಮೂಡಿದ್ದಕ್ಕೆ ‘ಹರಳು’, ಒಡವೆಗೆ ಒದಗುವುದಕ್ಕೆ ‘ಉಂಗುರಗಲ್ಲು’ ಎಂದು ಬರೆಯುತ್ತಿದ್ದೇನೆ. ಆದರೆ ಕೊರಳ ಸರಕ್ಕೂ ಓಲೆಗೂ ಇದೇ ಕಲ್ಲು ಹೋಗುತ್ತದೆ, ಹಾಗಾಗಿ ಪೂರ್ತಿ ಹಿಡಿಸಿಲ್ಲ.

ಪತ್ತಾರಿಕೆಯ ಮನೆತನದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಇನ್ನೂ ಕೊಯ್ಯದ, ತಿಕ್ಕದ ಕಲ್ಲಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಔಡಲ ಬೀಜವೂ ನುಣುಪಾಗಿ, ಚುಕ್ಕೆ ಹೊತ್ತು ಹೊಳೆಯ ಕಲ್ಲಿನಂತೆಯೇ ಇರುತ್ತದೆ. ದಕ್ಷಿಣದ ‘ಹರಳು’ ಆ ಹೋಲಿಕೆಯಿಂದ ಬಂತೇ, ಅಥವಾ ಬೇರೆಯೇ ಮೂಲದ್ದೇ?