ಹೊಡೆದದ್ದು ತಪ್ಪಾ, ಮುಚ್ಚಿಟ್ಟದ್ದು ತಪ್ಪಾ?

ತಿಪಟೂರಿನ ಅಮ್ಮ (ಆಗಸ್ಟ್ 2021)
ನನ್ನ ಮಗನಿಗೆ 14 ವರ್ಷ. ಹೋದ ವಾರ ಇನ್ನಿಬ್ಬರು ಹುಡುಗರ ಜೊತೆ ಸೇರಿ ಪಕ್ಕದೂರಿನ ತೋಟದಲ್ಲಿ ಬೋರ್‌ವೆಲ್ ಮೋಟಾರಿನ ಕೇಬಲ್ ಕತ್ತರಿಸಿದ್ದಾನೆ. ಸುಟ್ಟು, ತಾಮ್ರ ತೆಗೆದು ಗುಜರಿಗೆ ಹಾಕಿದ್ದಾರೆ. ಇವನ ಪಾಲಿಗೆ ಬಂದದ್ದು 700 ರೂಪಾಯಿ. ನಾಳೆ ಕರೆದುಕೊಂಡು ಬನ್ನಿ ಅಂತ ಸ್ಟೇಷನ್‌ನಿಂದ ಫೋನ್ ಬಂದಿದೆ.

ನಮ್ಮ ಮನೆಯವರು ಬೆಂಗಳೂರಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ತಿಂಗಳಿಗೊಮ್ಮೆ ಬರುವವರು. ಮಗನನ್ನು ನಾನೊಬ್ಬಳೇ ನೋಡಿಕೊಂಡೆ, ಸಲಿಗೆ ಸ್ವಲ್ಪ ಜಾಸ್ತಿನೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಅವರು ಊರಿಗೆ ಬಂದರು. ಕೆಲಸವಿಲ್ಲ, ದುಡ್ಡಿಲ್ಲ. ಹುಡುಗ ಕೂತರೂ ತಪ್ಪು, ನಿಂತರೂ ತಪ್ಪು. ಗೇಮ್ ಆಡಿದ ಅಂತ ಬೆಲ್ಟಿನಲ್ಲಿ ಹೊಡೆದರು. ಫೋನಿಗೆ ರೀಚಾರ್ಜ್ ನಿಲ್ಲಿಸಿದರು. ಗೇಮ್ ಜೊತೆ ಆನ್‌ಲೈನ್ ಕ್ಲಾಸೂ ಹೋಯಿತು. ಹಾಲು ಹಾಕಿದ ದುಡ್ಡಿನಲ್ಲಿ ನಾನು ಗುಟ್ಟಾಗಿ ರೀಚಾರ್ಜ್ ಮಾಡಿಸುತ್ತಿದ್ದೆ. ಎರಡು ತಿಂಗಳಿಂದ ಅದೂ ಆಗಲಿಲ್ಲ. ಈಗ ಸಲಿಗೆ ಕೊಟ್ಟು ನೀನೇ ಕೆಡಿಸಿದೆ ಅನ್ನುತ್ತಾರೆ. ನೀವೇ ಅನ್ನುತ್ತೇನೆ ನಾನು. ಅವನನ್ನು ಜೈಲಿಗೆ ಹಾಕುತ್ತಾರಾ?

ಕಡೂರು ಹುಡುಗ
ಅಕ್ಕ, ಇನ್ನೆರಡು ಬಿಟ್ಟರೆ ಸರಿ ಹೋಗುತ್ತಾನೆ. ನಾವೆಲ್ಲ ಏಟು ತಿಂದೇ ಬೆಳೆದವರು.

ಹೈಸ್ಕೂಲ್ ಮೇಷ್ಟ್ರು
ಬೆಲ್ಟ್ ಏಟು ಆಗಲೇ ಬಿದ್ದಿದೆಯಲ್ಲಪ್ಪ, ಆಮೇಲೆ ತಾನೆ ಕೇಬಲ್ ಹೋದದ್ದು.

ಡಯಾನಾ ಬೌಮ್ರಿಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 1960ರ ದಶಕದಲ್ಲೇ ತಂದೆತಾಯಿಗಳ ರೀತಿಯನ್ನು ಮೂರಾಗಿ ವಿಂಗಡಿಸಿದ್ದರು. ಬರೀ ಬಿಗಿ, ಬರೀ ಸಲಿಗೆ, ಪ್ರೀತಿಯ ಜೊತೆ ಕಟ್ಟುನಿಟ್ಟು. ಬಿ.ಎಡ್.ನಲ್ಲಿ ಉರು ಹೊಡೆದದ್ದು. ನಿಮ್ಮ ಮನೆಯಲ್ಲಿ ಮೊದಲೆರಡೂ ಒಂದೇ ಸೂರಿನಡಿ ಇವೆ. ಅಪ್ಪ ಬೇಡ ಅಂದದ್ದು ಅಮ್ಮನ ಹತ್ತಿರ ಸಿಗುತ್ತದೆ ಅಂತ ಹುಡುಗ ಕಲಿತಿದ್ದಾನೆ.

ನಮ್ಮ ತಪ್ಪೂ ಇದೆ ತಾಯಿ. ಶಾಲೆ ಮುಚ್ಚಿದ್ದಾಗ ಊರೂರಿಗೆ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಇದ್ದಾಗ ದೇವಸ್ಥಾನದ ಜಗಲಿ ಮೇಲೆ ಮಕ್ಕಳನ್ನು ಕೂರಿಸಿ ಪಾಠ ಮಾಡುತ್ತಿದ್ದೆವು. ಯಾರು ಬಂದಿಲ್ಲ ಅಂತ ಕಣ್ಣಿಗೆ ಕಾಣುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಅದು ನಿಂತ ಮೇಲೆ ಎಷ್ಟೋ ಮಕ್ಕಳ ಮುಖವೇ ನೋಡಲಿಲ್ಲ. ಈ ತಿಂಗಳ 23ಕ್ಕೆ ಒಂಬತ್ತನೇ ಕ್ಲಾಸ್ ಶುರು. ಏನೇ ಆಗಲಿ, ಮೊದಲ ದಿನವೇ ಕಳಿಸಿ.

ಲಾಯರ್ ಅಕ್ಕ
ಜೈಲು ಇಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 18 ತುಂಬದವರನ್ನು ಲಾಕಪ್‌ಗೂ ಹಾಕುವ ಹಾಗಿಲ್ಲ. ಹಿಡಿದರೆ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ತರಬೇಕು. ಇಂಥ ಕಳವಿಗೆ ಮಂಡಳಿ ಬುದ್ಧಿ ಹೇಳಿ, ಕೌನ್ಸೆಲಿಂಗ್ ಮಾಡಿಸಿ ಮನೆಗೆ ಕಳಿಸಬಹುದು. ಸ್ಟೇಷನ್‌ಗೆ ಇಬ್ಬರೂ ಹೋಗಿ. ಅಲ್ಲಿ ಯಾರಾದರೂ ಕೈ ಎತ್ತಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮನೆಯಲ್ಲಿ ಎತ್ತಿದರೂ ಅದೇ ನಂಬರ್. ಅಂದ ಹಾಗೆ, ಆ ಇನ್ನಿಬ್ಬರ ವಯಸ್ಸೆಷ್ಟು?

ತಿಪಟೂರಿನ ಅಮ್ಮ
ಒಬ್ಬನಿಗೆ 20 ಅಂತೆ. ನನಗೆ ಇವತ್ತೇ ಗೊತ್ತಾದದ್ದು. ದಾರಿ ತೋರಿಸಿದವನು ಅವನೇ. ಸ್ಟೇಷನ್‌ನಲ್ಲಿ ಯಾರೂ ಬೈಯಲಿಲ್ಲ, ಬರೆದುಕೊಂಡರು. ಮುಂದಿನ ವಾರ ತುಮಕೂರಿನಲ್ಲಿ ಮಂಡಳಿ ಮುಂದೆ ಹೋಗಬೇಕು. ಇವರೂ ಬರುತ್ತೇನೆ ಅಂದಿದ್ದಾರೆ. 700ರಲ್ಲಿ 199 ರೀಚಾರ್ಜ್‌ಗೆ ಹೋಗಿದೆ, ಉಳಿದದ್ದು ಬ್ಯಾಗಿನಲ್ಲಿ ಹಾಗೇ ಇತ್ತು. ನಾನು ಗುಟ್ಟಾಗಿ ಮಾಡಿಸುತ್ತಿದ್ದ ವಿಷಯ ಇವರಿಗೆ ಇನ್ನೂ ಗೊತ್ತಿಲ್ಲ. ಊಟ ಆದ ಮೇಲೆ ಹೇಳುತ್ತೇನೆ.