ವೆಬ್‌ವ್ಯಾನ್ ಮುಳುಗಿದ್ದೇಕೆ, ಅಮೆಜಾನ್ ಉಳಿದದ್ದು ಹೇಗೆ? ಲೆಕ್ಕ ಬಲ್ಲವರು ಹೇಳಿ

ಹಳೇಕಡತ (ಪ್ರಶ್ನೆ):
ಟೆಕ್ ಕಂಪನಿಗಳೇ ತುಂಬಿರುವ ಅಮೆರಿಕದ ಶೇರು ಸೂಚ್ಯಂಕ ನ್ಯಾಸ್‌ಡ್ಯಾಕ್ 2000ರ ಮಾರ್ಚ್ 10ಕ್ಕೆ 5,048 ಮುಟ್ಟಿ, 2002ರ ಅಕ್ಟೋಬರ್ ಹೊತ್ತಿಗೆ 1,114ಕ್ಕೆ ಬಿತ್ತು. ಕಾರಣ ಕೇಳಿದರೆ 'ದುರಾಸೆ' ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಆದರೆ ಆಗ ಮುಳುಗಿದ ಇಂಟರ್ನೆಟ್ ಕಂಪನಿ ವೆಬ್‌ವ್ಯಾನ್ ಮಾಡಹೊರಟಿದ್ದ ಮನೆಬಾಗಿಲಿಗೆ ದಿನಸಿ ತಲುಪಿಸೋ ಕೆಲಸ ಇವತ್ತು ಎಷ್ಟೋ ಕಡೆ ನಡೀತಿದೆ. ಹಾಗಾದರೆ ಆಗ ಎಡವಿದ್ದೆಲ್ಲಿ? ಈಗಿನ ಒಂದು ಕಂಪನಿಯ ಲೆಕ್ಕಪತ್ರ ಕೈಗೆ ಸಿಕ್ಕರೆ ಮೊದಲು ಯಾವ ಸಾಲು ನೋಡಬೇಕು?

ಗೋದಾಮುಗಣಿತ:
ವೆಬ್‌ವ್ಯಾನ್ ಎಡವಿದ್ದು ಗೋದಾಮಿನಲ್ಲಿ. ಓಕ್ಲೆಂಡ್‌ನ ಮೊದಲ ಗೋದಾಮೇ ಸುಮಾರು 3,30,000 ಚದರ ಅಡಿ. ಒಳಗೆ ಮೈಲಿಗಟ್ಟಲೆ ಕನ್ವೇಯರ್ ಬೆಲ್ಟು, ತಿರುಗುವ ಕಪಾಟು. 1999ರಲ್ಲಿ ಅದು ಶುರುವಾಗಿ ಸರಿಯಾಗಿ ತುಂಬುವ ಮೊದಲೇ, ಅಂಥವೇ 26 ಕಟ್ಟಿಸೋಕೆ ಕಟ್ಟಡ ನಿರ್ಮಾಣ ಕಂಪನಿ ಬೆಕ್‌ಟೆಲ್ ಜತೆ 100 ಕೋಟಿ ಡಾಲರ್ ಒಪ್ಪಂದ ಆಯಿತು.

ಇದರ ಅಪಾಯ ತಿಳಿಯೋಕೆ ಒಂದು ಕಲ್ಪಿತ ಲೆಕ್ಕ ನೋಡಿ. ಒಂದು ಆರ್ಡರ್ 100 ಡಾಲರ್. ಸರಕಿನ ಅಸಲು ಕಳೆದರೆ 25 ಮಿಗುತ್ತೆ. ಆರಿಸಿ ಕಟ್ಟಿ ವ್ಯಾನಿನಲ್ಲಿ ತಲುಪಿಸೋಕೆ 15. ಉಳಿದದ್ದು 10. ಗೋದಾಮಿನ ಬಾಡಿಗೆ, ಯಂತ್ರ, ಕರೆಂಟು ಸೇರಿ ದಿನಕ್ಕೆ 40,000 ಅಂದ್ರೆ 4,000 ಆರ್ಡರ್ ಬಂದರಷ್ಟೇ ಸರಿಸಮ. 2,000 ಬಂದರೆ ದಿನಕ್ಕೆ 20,000 ಕೈಯಿಂದ. ಅಂಥ ಗೋದಾಮು ಹತ್ತಾದರೆ ನಷ್ಟವೂ ಹತ್ತರಷ್ಟು. ಯಂತ್ರ ಸೊಗಸಾಗಿ ಓಡ್ತಿದ್ದರೂ ಈ ನಷ್ಟ ತಪ್ಪೋದಿಲ್ಲ. 2001ರ ಜುಲೈನಲ್ಲಿ ವೆಬ್‌ವ್ಯಾನ್ ದಿವಾಳಿ.

ಅದೇ ಕಾಲದಲ್ಲಿ ಬ್ರಿಟನ್‌ನ ಟೆಸ್ಕೊ ತನ್ನ ಅಂಗಡಿಗಳ ಕಪಾಟಿನಿಂದಲೇ ನೌಕರರ ಕೈಲಿ ಸರಕು ಆರಿಸಿ ಕಳಿಸ್ತಿತ್ತು. ನೋಡೋಕೆ ಹಳೇ ಪದ್ಧತಿ, ಆದರೆ ಗಿರಾಕಿ ಬರದಿದ್ದರೆ ಮೈಮೇಲೆ ಬೀಳುವ ಖರ್ಚು ಕಡಿಮೆ. ನನ್ನ ಪ್ರಕಾರ ಇಡೀ ಆ ಕಾಲದ ದೊಡ್ಡ ಪಾಠ ಇದೇ.

ಅಸಲುಬಡ್ಡಿ:
ಮೇಲಿನ ಲೆಕ್ಕದಲ್ಲಿ ಪ್ರತಿ ಆರ್ಡರ್‌ಗೆ 10 ಉಳಿಯುತ್ತೆ. ಸಾಕುಪ್ರಾಣಿಗಳ ಸಾಮಾನನ್ನು ಆನ್‌ಲೈನ್ ಮಾರುತ್ತಿದ್ದ ಪೆಟ್ಸ್.ಕಾಮ್‌ಗೆ ಅದೂ ಇರಲಿಲ್ಲ. ನಾಯಿ ಆಹಾರದ ಚೀಲ ಭಾರ ಜಾಸ್ತಿ, ಲಾಭ ಕಡಿಮೆ, ಸಾಗಣೆಯೇ ನುಂಗಿಬಿಡುತ್ತೆ. ಅದರ ಮೇಲೆ ಅಸಲಿಗಿಂತ ಕಡಿಮೆಗೆ ಮಾರಾಟ. 1999ರ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಬಂದದ್ದು 6,19,000 ಡಾಲರ್, ಜಾಹೀರಾತಿಗೆ ಸುರಿದದ್ದು 1 ಕೋಟಿ 18 ಲಕ್ಷ. ಇಂಥಲ್ಲಿ ವ್ಯಾಪಾರ ಬೆಳೆದಷ್ಟೂ ನಷ್ಟ ಹೆಚ್ಚುತ್ತೆ. 2000ರ ಫೆಬ್ರವರಿಯಲ್ಲಿ ಶೇರು ಪೇಟೆಗೆ ಬಂತು, ನವೆಂಬರ್‌ನಲ್ಲಿ ಬಾಗಿಲು ಹಾಕಿತು.

ಹಾಗಾಗಿ ಮೊದಲು ಒಂದು ಆರ್ಡರ್‌ನ ಲೆಕ್ಕ ಬಿಡಿಸಿ: ಬೆಲೆ, ಅಸಲು, ಪ್ಯಾಕಿಂಗ್, ಸಾಗಣೆ, ಕಾರ್ಡ್ ಶುಲ್ಕ, ವಾಪಸ್ ಬಂದ ಮಾಲು. ವಾಪಸಾತಿಯನ್ನು ಮರೆಯಬೇಡಿ, ತುಂಬಾ ಜನ ಅಲ್ಲೇ ತಪ್ಪುತ್ತಾರೆ.

ಹಳೇಕಡತ:
ಅಮೆಜಾನ್ ಕೂಡ ವರ್ಷಗಟ್ಟಲೆ ನಷ್ಟದಲ್ಲೇ ಇತ್ತಲ್ಲ? ಅದ್ಹೇಗೆ ಉಳೀತು?

ನಗದುಪುಸ್ತಕ:
ಎರಡು ಕಾರಣ. ಒಂದು, ಗಿರಾಕಿಯ ಕಾರ್ಡ್ ಹಣ ಬೇಗ ಕೈಸೇರ್ತಿತ್ತು, ಪೂರೈಕೆದಾರರಿಗೆ ಕೊಡೋದು ವಾರಗಳ ನಂತರ. ನಡುವಿನ ಹಣದಲ್ಲೇ ವ್ಯವಹಾರ ನಡೀತಿತ್ತು. ಎರಡು, ಕುಸಿತಕ್ಕೆ ತಿಂಗಳ ಮುಂಚೆ, 2000ರ ಫೆಬ್ರವರಿಯಲ್ಲಿ, ಯುರೋಪಿನಲ್ಲಿ 69 ಕೋಟಿ ಯೂರೊ ಸಾಲಪತ್ರ ಮಾರಿ ನಗದು ಕೂಡಿಟ್ಟಿತ್ತು. 2001ರ ಕೊನೇ ತ್ರೈಮಾಸಿಕದಲ್ಲಿ ಮೊದಲ ಲಾಭ, 50 ಲಕ್ಷ ಡಾಲರ್.

ಆದರೆ ಉದ್ದರಿ ಹಣದ ಆಟ ವ್ಯಾಪಾರ ಏರುತ್ತಿರುವಾಗ ಮಾತ್ರ ಸುಖ. ಮಾರಾಟ ಇಳಿದ ತಿಂಗಳು ಹೊಸ ಹಣ ಕಡಿಮೆ, ತೀರಿಸಬೇಕಾದ್ದು ಹಿಂದಿನ ದೊಡ್ಡ ತಿಂಗಳ ಬಿಲ್ಲು. ನಗದು ದಿಢೀರನೆ ಬತ್ತುತ್ತೆ. ಅದಕ್ಕೇ ಕೈಯಲ್ಲಿರುವ ನಗದನ್ನು ತಿಂಗಳ ನಿವ್ವಳ ಖರ್ಚಿನಿಂದ ಭಾಗಿಸಿ, ಪೂರೈಕೆದಾರರ ಬಾಕಿ ಕಳೆದು ಇನ್ನೊಮ್ಮೆ ಭಾಗಿಸಿ. ಎಷ್ಟು ತಿಂಗಳು ತಳ್ಳಬಹುದು ಅನ್ನೋದಕ್ಕೆ ಸಿಗುವ ಈ ಎರಡು ಉತ್ತರಗಳ ಅಂತರ ನೋಡಿ.

ಸರ್ವರ್‌ಕೋಣೆ:
ಹಣದ ಲೆಕ್ಕ ಒಂದೇ ಸಾಲದು. ಫ್ರೆಂಡ್‌ಸ್ಟರ್ ಅನ್ನೋ ಹಳೇ ಸಾಮಾಜಿಕ ಜಾಲತಾಣಕ್ಕೆ ಜನ ನುಗ್ಗಿ ಬರ್ತಿದ್ದರು, ಪುಟ ತೆರೆಯೋಕೆ ಕೆಲವೊಮ್ಮೆ 40 ಸೆಕೆಂಡ್ ಹಿಡೀತಿತ್ತು. ಗೆಳೆಯರ ಗೆಳೆಯರ ನಂಟನ್ನು ನಾಲ್ಕು ಹಂತದವರೆಗೆ ಹುಡುಕೋದೇ ಹೊರೆ. ಒಬ್ಬೊಬ್ಬರಿಗೆ 100 ಗೆಳೆಯರಿದ್ದರೆ, ಹೆಸರುಗಳ ಪುನರಾವರ್ತನೆ ಬಿಟ್ಟು ಹೇಳೋದಾದರೆ, ಎರಡನೇ ಹಂತಕ್ಕೆ 10,000, ನಾಲ್ಕನೆಯದಕ್ಕೆ 10 ಕೋಟಿ. ಸರ್ವರ್ ಸೇರಿಸುತ್ತಾ ಹೋದರೆ ಇದನ್ನು ಹಿಡಿಯೋಕಾಗಲ್ಲ. ಹುಡುಕಾಟವನ್ನು ಒಂದೆರಡು ಹಂತಕ್ಕೆ ಇಳಿಸಬೇಕು, ಇಲ್ಲವೇ ಮೊದಲೇ ಲೆಕ್ಕ ಹಾಕಿ ಇಟ್ಟಿರಬೇಕು. ಕಾದು ಬೇಸತ್ತವರಿಗೆ ಅಂಥದ್ದೇ ಇನ್ನೊಂದು ತಾಣ, ಮೈಸ್ಪೇಸ್ ಸಿಕ್ಕಿತು.